ಮುಸುಕು ಹೊದ್ದ ಕೆರೆ

“ಇಲ್ಲಿ ನೆಲ ಎಲ್ಲಿಂದ ಬಂತು?”

ಹಿರೇಗೊಂಡನ ಕೆರೆಯ ನಟ್ಟನಡುವೆ ದಾಕ್ಷಾಯಣಿ ಗಟ್ಟಿಯಾಗಿಯೇ ಕೇಳಿದಳು. ದೋಣಿಯಲ್ಲಿ ಅವಳ ಹೊರತು ಯಾರೂ ಇರಲಿಲ್ಲ. ಗಾಳಿ ಹಾಯಿಯನ್ನು ತುಂಬಿಕೊಂಡೇ ಇತ್ತು. ದೋಣಿ ಮಾತ್ರ ನಿಂತುಬಿಟ್ಟಿತ್ತು. ಸುತ್ತ ಕಣ್ಣು ಹಾಯುವಷ್ಟು ದೂರ ನೀಲಿ ನೀರು, ನೊರೆಯ ಒಂದು ಗುಳ್ಳೆಯೂ ಇಲ್ಲದ ತಿಳಿ. ಮೂಗಿಗೆ ಬರುತ್ತಿದ್ದುದು ಏರಿಯ ಮೇಲಿನ ಬೇವಿನ ಹೂವಿನ ಕಂಪು.

ಆ ನೀಲಿ ಅವಳದೇ ಸೃಷ್ಟಿ. 2058ರಲ್ಲಿ ಅವಳು ಕಂಡುಹಿಡಿದ ಎಣ್ಣೆಗೆ ಜನ ‘ಮುಸುಕು’ ಎಂದು ಹೆಸರಿಟ್ಟಿದ್ದರು. ದಡದ ಸೋಪಾನದ ಮೆಟ್ಟಿಲುಗಳ ಪಕ್ಕದ ಪೆಟ್ಟಿಗೆಯಿಂದ ಅದು ಹನಿಹನಿಯಾಗಿ ಬಿದ್ದು, ಅಣುವಿಗೆ ಅಣು ಒತ್ತಿ ನಿಂತು, ಕಣ್ಣಿಗೆ ಕಾಣದಷ್ಟು ತೆಳುವಾದ ಪದರವಾಗಿ ಕೆರೆಯ ಉದ್ದಗಲಕ್ಕೂ ಹರಡುತ್ತಿತ್ತು. ತೇಲುವ ಕೊಳೆಯನ್ನು ತಳಕ್ಕೆ ಇಳಿಸುವುದು, ಕೆಳಗಿನ ದುರ್ಗಂಧವನ್ನು ಮೇಲೇಳಗೊಡದಿರುವುದು, ಹನಿ ಬೀಳುತ್ತಿರುವವರೆಗೆ ಹರಿದಲ್ಲಿ ತಾನೇ ಕೂಡಿಕೊಳ್ಳುವುದು, ಇಷ್ಟು ಅದರ ಕೆಲಸ. ಕೊಳಚೆ ಶುದ್ಧಿ ಮಾಡುವ ಘಟಕ ಏಳುವವರೆಗೆ ಜನ ಮೂಗು ಮುಚ್ಚಿಕೊಳ್ಳದೆ ಬದುಕಲಿ ಎಂದು ಅವಳು ಕೊಟ್ಟ ತಾತ್ಕಾಲಿಕ ಉಪಾಯವದು. ಆಮೇಲೆ ಬೇರೆ ರಾಜ್ಯಗಳ ಕೆರೆಗಳಿಗೆ ಮುಸುಕು ಹಾಕುತ್ತ, ಸನ್ಮಾನದ ಶಾಲು ಹೊದೆಯುತ್ತ ಎಷ್ಟೋ ವರ್ಷ ಹೊರಗೇ ಕಳೆದಳು. ಈ ಸಲ ಊರಿಗೆ ಬಂದು ಏರಿಯ ಮೇಲೆ ನಿಂತಾಗ, ಕೆರೆ ಇಷ್ಟು ಚೆಂದವಿದೆಯೆಂದರೆ ಘಟಕವೂ ಎದ್ದಿರಬೇಕು ಎಂದುಕೊಂಡಳು. ಮುಸುಕು ಅದನ್ನು ನೇಯ್ದವಳ ಕಣ್ಣಿಗೂ ಮುಸುಕೇ ಆಗಿತ್ತು.

ಹಾಗೆ ನಂಬಿಯೇ ಬೆಳಗ್ಗೆ ತನ್ನ ಪುಟ್ಟ ಕ್ಯಾಟಮರಾನನ್ನು ಒಬ್ಬಳೇ ಇಳಿಸಿದ್ದಳು. ಅದು ಎರಡು ಸಣಕಲು ಒಡಲುಗಳ ಜೋಡಿದೋಣಿ. ಎರಡು ಗಾಲಿಯ ಗಾಡಿಯ ಮೇಲೆ ಇಳಿಜಾರಿನಲ್ಲಿ ತಳ್ಳಿ, ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಹಾಯಿ ಏರಿಸಿ, ಮೊಣಕಾಲುದ್ದದ ನೀರಿನಲ್ಲಿ ನಿಂತು ಒಂದು ನೂಕು ನೂಕಿ, ಒಡಲುಗಳ ನಡುವೆ ಬಿಗಿದ ಬಲೆಯ ಮೇಲೆ ಹಾರಿ ಕೂತಿದ್ದಳು. ಗಾಳಿ ದೋಣಿಯನ್ನು ಅಡ್ಡಕ್ಕೆ ಜಾರಿಸದಂತೆ ಒಂದೊಂದು ಒಡಲಿನಿಂದ ಒಂದೊಂದು ಉದ್ದನೆಯ ಅಲಗು ನೀರಿಗಿಳಿಯುತ್ತದೆ. ಆ ಅಲಗುಗಳೇ ಈಗ ಯಾವುದರಲ್ಲೋ ಹೂತು ಕೂತಿದ್ದವು. ಅವಳ ಚಿಕ್ಕಂದಿನಲ್ಲಿ ಇಲ್ಲಿ ಆನೆ ಮುಳುಗುವಷ್ಟು ಆಳವಿತ್ತು.

ಎರಡೂ ಕೈಯಿಂದ ಒಂದು ಅಲಗನ್ನು ಮೇಲಕ್ಕೆ ಜಗ್ಗಿದಳು. ಅದರ ಜೊತೆಗೆ ಎದ್ದು ಬಂದದ್ದು ಕಪ್ಪು ಲೋಳೆ. ಅದರಲ್ಲಿ ಕೂದಲಿನ ಸಿಕ್ಕು, ಮಗುವಿನ ಡೈಪರಿನ ಚಿಂದಿ, ಕೋಳಿಯ ಕರುಳು. ಪದರ ಹರಿದ ಆ ಗೇಣಗಲದಿಂದ ಎದ್ದ ನಾತ ಮುಖಕ್ಕೆ ಬಡಿಯಿತು. ದಾಕ್ಷಾಯಣಿ ಬಲೆಯ ಅಂಚಿಗೆ ತೆವಳಿ ವಾಂತಿ ಮಾಡಿಕೊಂಡಳು. ವಾಂತಿ ತಳಕ್ಕಿಳಿಯಿತು. ಅದರ ಮೇಲೆ ಮುಸುಕು ಮೆಲ್ಲಗೆ ಕೂಡಿಕೊಂಡಿತು. ನೋಡನೋಡುತ್ತ ಅಲ್ಲಿ ಮತ್ತೆ ನೀಲಿ, ಮತ್ತೆ ಬೇವಿನ ಹೂವಿನ ಕಂಪು. ಅವಳಿಗೆ ಹೆಚ್ಚು ಹೇಸಿಗೆಯಾದದ್ದು ಅದನ್ನು ಕಂಡು.

ಅಲಗುಗಳನ್ನು ಪೂರ್ತಿ ಎತ್ತಿ, ಓರೆಯಾಗಿ ಜಾರುತ್ತಲೇ ಅವಳು ಸೋಪಾನಕ್ಕೆ ಬಂದು ಮುಟ್ಟಿದಾಗ ಅಲ್ಲಿ ಗಂಗೆಪೂಜೆ ನಡೆದಿತ್ತು. ಹೆರಿಗೆಯಾದ ಸೊಸೆ ಮೊದಲ ಸಲ ನೀರಿಗೆ ಬಂದು ಅರಿಸಿನ ಕುಂಕುಮ ಹಾಕಿ ಕೊಡ ತುಂಬಿಕೊಂಡು ಹೋಗುವ ಪೂಜೆ. ಅವಳ ಮನೆಯ ಹಿಂದಿನ ಓಣಿಯ ಕೊಟ್ರಮ್ಮ ತುಂಬಿದ ಕೊಡದ ಪಕ್ಕ ನಿಂತಿದ್ದಳು; ಸೊಸೆ ಸಿಂಚನ ಕೂಸನ್ನು ಎದೆಗೊತ್ತಿಕೊಂಡಿದ್ದಳು.

“ಬರ್ರೀ ಮೇಡಂ, ನಿಮ್ದೇ ದಾರಿ ಕಾಯಾಕತ್ತಿದ್ವಿ,” ಎಂದಳು ಕೊಟ್ರಮ್ಮ. “ಈ ಕೆರೀನ ಗಂಗಿ ಮಾಡ್ದೋರು ನೀವು. ನಾ ಮದ್ವಿ ಆಗಿ ಇದೇ ಏರಿ ಮ್ಯಾಲೆ ಬಂದಾಗ ಸೆರಗು ಮೂಗಿಗೆ ಹಿಡ್ಕೊಂಡೇ ಬಂದಿದ್ದೆ. ಜನ ಪಾಪ, ಹುಡುಗಿಗೆ ನಾಚ್ಕಿ ಅಂದ್ಕೊಂಡ್ರು. ಬರ್ರಿ, ಕೂಸಿನ ಬಾಯಿಗೆ ಮೂರು ಹನಿ ನಿಮ್ ಕೈಲೇ ಹಾಕ್ರಿ.”

“ಹಾಕಬೇಡಿ ಕೊಟ್ರಮ್ನೋರೆ. ಇದು ನೀರಲ್ಲ, ಊರಿನ ಕಕ್ಕಸು. ಶುದ್ಧಿ ಘಟಕ ಏಳಲೇ ಇಲ್ವಾ?”

“ನಾತ ಹೋದಮ್ಯಾಲೆ ಯಾರ್ ಕೇಳ್ತಾರ್ರಿ ಅದನ್ನ? ಅಳತಿ ಮಾಡಿ ಕಲ್ಲು ನೆಟ್ಟಿದ್ರು, ಈಗ ಅದ್ರ ಮ್ಯಾಲೆ ಮಂದಿ ಅರಿವಿ ಒಣಗಿಸ್ತಾರ.” ಕೊಟ್ರಮ್ಮ ಕೊಡದಿಂದ ಒಂದು ಬೊಗಸೆ ತೆಗೆದು ಬಿಸಿಲಿಗೆ ಹಿಡಿದು ನೋಡಿದಳು, ಮೂಸಿದಳು. “ಬಣ್ಣಿಲ್ಲ, ವಾಸ್ನಿಲ್ಲ. ಓದಿದೋರಿಗೆ ಎಲ್ಲಾದ್ರಾಗೂ ಕ್ರಿಮಿ ಕಾಣ್ತಾವ. ನಮ್ ಓಣಿ ನಾಗವೇಣಿ ಕೂಸಿಗೂ ಇದೇ ತೀರ್ಥ ಹಾಕೀವಿ.”

“ಆ ಮಗು ಹೇಗಿದೆ?”

“ದವಾಖಾನ್ಯಾಗೈತಿ. ಭೇದಿ. ಹಲ್ಲು ಬರಾಕತ್ತಾವಲ್ಲ, ಅದ್ಕ.”

ಸಿಂಚನ ಅತ್ತೆಯ ಮುಖ ನೋಡಿದಳು. ಅವಳ ಅಂಗೈ ಕೂಸಿನ ಬಾಯಿಯ ಮೇಲೆ ಬಂದು ಕೂತಿತು. ಕೊಟ್ರಮ್ಮ ಆ ಕೈಯನ್ನು ಮೊಣಕೈಯಿಂದ ನಯವಾಗಿ ಸರಿಸಿ, ಬೊಗಸೆಯನ್ನು ಹತ್ತಿರ ತಂದಳು.

“ಒಂದ್ ಗಳಿಗೆ ತಡೀರಿ. ನಾನು ತೋರಿಸ್ತೀನಿ. ಆಮೇಲೆ ನಿಮ್ಮಿಷ್ಟ,” ಎಂದಳು ದಾಕ್ಷಾಯಣಿ.

ಪೆಟ್ಟಿಗೆಯ ತಿರುಪನ್ನು ಬಿಗಿದು ಹನಿ ನಿಲ್ಲಿಸಿದಳು. ದೋಣಿಯನ್ನು ನೂಕಿ ಏರಿ, ಎರಡೂ ಅಲಗುಗಳನ್ನು ಅರ್ಧಕ್ಕಿಳಿಸಿ, ಸೋಪಾನದ ಮುಂದೆಯೇ ಹೊಲ ಹೂಡಿದಂತೆ ಅತ್ತಿಂದಿತ್ತ ದೋಣಿ ಓಡಿಸಿದಳು. ಒಂದೊಂದು ಸಾಲಿಗೂ ತಳ ಕದಡಿ ಮೇಲೆ ಬಂತು. ಹನಿ ಬತ್ತಿದ ಮುಸುಕು ಕೂಡಿಕೊಳ್ಳಲಾರದೆ ಚೂರುಚೂರಾಯಿತು. ನೀಲಿ ಹೋಗಿ ಹಸಿರು, ಹಸಿರು ಹೋಗಿ ಕಪ್ಪು. ಅರಿಸಿನ ಕುಂಕುಮದ ಮೇಲೆ ಲೋಳೆ ಬಂದು ಅಪ್ಪಳಿಸಿತು. ಎಷ್ಟೋ ವರ್ಷ ಅಡಗಿದ್ದ ನಾತ ಒಮ್ಮೆಗೇ ಏರಿ ಹತ್ತಿ ಓಣಿಗಳಿಗೆ ನುಗ್ಗಿತು.

ಅವಳು ದಡಕ್ಕೆ ಬಂದಾಗ ಸಿಂಚನ ಕೊಡವನ್ನು ಕಾಲಿನಿಂದ ಉರುಳಿಸಿ, ಕೂಸನ್ನೆತ್ತಿಕೊಂಡು ಏರಿಯ ಮೇಲೆ ದೂರ ಹೋಗಿ ನಿಂತಿದ್ದಳು. ಕೊಟ್ರಮ್ಮ ಮೆಟ್ಟಿಲ ಮೇಲೆ ಕುಕ್ಕರಿಸಿ ಓಕರಿಸುತ್ತ, ಬೊಗಸೆ ಹಿಡಿದಿದ್ದ ಕೈಗಳನ್ನು ಸೆರಗಿಗೆ ತಿಕ್ಕುತ್ತಿದ್ದಳು. ಮನೆಗಳಿಂದ ಮಂದಿ ಮೂಗು ಮುಚ್ಚಿಕೊಂಡು ಬಂದು ಏರಿಯುದ್ದಕ್ಕೂ ನೆರೆದರು.

“ಆತು ಕಣ್ರಿ,” ಎಂದಳು ಕೊಟ್ರಮ್ಮ ಉಸಿರು ಸಿಕ್ಕಮೇಲೆ. “ಕೂಸಿಗೆ ಬ್ಯಾಡ. ನಾವೂ ಮುಟ್ಟಂಗಿಲ್ಲ. ಆದ್ರ ಈ ನಾತದಾಗ ಉಣ್ಣೋದ್ಹೆಂಗ? ನಾಳಿ ತೊಟ್ಟಿಲ ಶಾಸ್ತ್ರಕ್ಕ ಬೀಗ್ರು ಬರೋರದಾರ, ಅವ್ರ ಮುಂದ ಮುಖ ಹೆಂಗ ಎತ್ತೋದು? ಒಳಗ ಏನರ ಇರ್ಲಿ ಬಿಡ್ರಿ. ಮೊದ್ಲಿನಂಗ ಆ ಪೆಟ್ಟಿಗಿ ತಿರುವಿಬಿಡ್ರಿ ಯವ್ವ.”

ಏರಿಯ ಮೇಲಿದ್ದವರೂ ಸೆರಗು, ಟವೆಲಿನ ಸಂದಿಯಿಂದಲೇ ತಲೆಯಾಡಿಸಿದರು.

“ತಿರುವೋದಿಲ್ಲ,” ಎಂದಳು ದಾಕ್ಷಾಯಣಿ.