ಎರಡು ಲೀಟರ್ ಎಲ್ಲಿ ಹೋಯಿತು?

ಡಾಕ್ಟರ್ ವರ್ಷಾ ಪರೀಕ್ಷೆಯನ್ನು ಶುರು ಮಾಡಿದಷ್ಟೇ ಬೇಗ ನಿಲ್ಲಿಸಿಬಿಟ್ಟರು. ಹುಮನಾಬಾದಿನ ಆಸ್ಪತ್ರೆಯಲ್ಲಿ ಮಂಗಳವಾರ ಯುನೂಸನ ಕೊಲೊನೋಸ್ಕೋಪಿ ಹೀಗೆ ಕೆಟ್ಟಿತು. ಕರುಳು ಸ್ವಚ್ಛವಾಗಿರಲೇ ಇಲ್ಲ. ಕ್ಯಾಮೆರಾಕ್ಕೆ ಏನೂ ಕಾಣಲಿಲ್ಲ.

ಯುನೂಸನ ಕಿಡ್ನಿ ಕೆಟ್ಟು ನಾಲ್ಕು ವರ್ಷ. ಅಕ್ಕ ಹಜಿರಾ ಬೀ ತನ್ನದೊಂದು ಕಿಡ್ನಿ ಕೊಡಲು ತಯಾರಾಗಿದ್ದಳು. ಅಷ್ಟರಲ್ಲಿ ಅವನ ಮಲದಲ್ಲಿ ರಕ್ತ ಕಂಡಿತು. ಕರುಳು ನೋಡದೆ ಕಿಡ್ನಿ ಕಸಿ ಇಲ್ಲ ಎಂದರು ಡಾಕ್ಟರು. ಪರೀಕ್ಷೆಯ ಹಿಂದಿನ ಸಂಜೆ ಎರಡು ಲೀಟರ್ ನೀರಿನಲ್ಲಿ ಪುಡಿ ಕಲಸಿ ಕುಡಿದರೆ ಹೊಟ್ಟೆ ತೊಳೆದುಹೋಗಬೇಕು. ಜಗ್ಗೇನೋ ಖಾಲಿಯಾಗಿತ್ತು. ಹೊಟ್ಟೆ ಮಾತ್ರ ಖಾಲಿಯಾಗಿರಲಿಲ್ಲ!

"ಪುಡಿನೇ ನಕಲಿ!" ಬುಧವಾರ ಡಯಾಲಿಸಿಸ್ ವಾರ್ಡಿನಲ್ಲಿ ಯುನೂಸನ ಹೆಂಡತಿ ರುಬೀನಾ ಗುಡುಗಿದಳು. ಬೈಸಿಕೊಂಡವನು ಅವಳ ಒಡಹುಟ್ಟಿದ ತಮ್ಮ ನದೀಮ್. ಬಸವಕಲ್ಯಾಣದಲ್ಲಿ ಅವನದು ಔಷಧಿ ಅಂಗಡಿ. ಪುಡಿ ಕೊಟ್ಟವನು ಅವನೇ.

"ಖುದಾ ಕಸಮ್ ಬಾಜಿ, ಮಾಲು ಅಸಲಿ ಅದ!"

ಪಕ್ಕದ ಹಾಸಿಗೆಯಲ್ಲಿ ದ್ರೌಪತಿಬಾಯಿಯ ಕಿವಿ ಚುರುಕಾಯಿತು. ಅವಳು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಡಯಾಲಿಸಿಸ್ ಯಂತ್ರಕ್ಕೆ ಕೈಕೊಟ್ಟು ಸುಮ್ಮನೆ ಸೂರು ನೋಡುತ್ತ ಮಲಗಿದವಳ ಬಳಿಗೆ ಕೇಸೊಂದು ತಾನಾಗಿಯೇ ನಡೆದು ಬಂದಿತ್ತು. ಬಿಡುತ್ತಾಳೆಯೇ?

"ಸಿಸ್ಟರ್, ಯುನೂಸಂದು ಇವತ್ತ ವಜನು ಹ್ಯಾಂಗ ಅದ?"

"ಯಾವಾಗ್ಲೂ ಬರೂವಷ್ಟೇ ಬಂದದರಿ," ಎಂದಳು ನರ್ಸು. ಡಯಾಲಿಸಿಸ್ ಶುರು ಮಾಡುವ ಮೊದಲು ರೋಗಿಯನ್ನು ತೂಗುತ್ತಾರೆ. ಮೈಯಲ್ಲಿ ಎಷ್ಟು ನೀರು ನಿಂತಿದೆ ಎಂಬುದು ಅದರಿಂದಲೇ ತಿಳಿಯುತ್ತದೆ.

ದ್ರೌಪತಿಬಾಯಿ ತನ್ನೊಳಗೇ ನಕ್ಕಳು. ವಿಚಾರಣೆ ಶುರುವಾಯಿತು.

"ರುಬೀನಾ, ಪುಡಿ ಕಲಸಿದಾಕಿ ಯಾರು?"

"ನಾನೇ ರೀ. ಕಲಸಿಟ್ಟು ಅಡಗಿಮನಿಗೆ ಹೋದೆ. ಮುಂಜಾನೆ ನೋಡ್ತೇನಿ — ಜಗ್ಗ ಖಾಲಿ."

"ರಾತ್ರಿ ಇಂವ ಎಷ್ಟು ಸಲ ಬಾಥ್‌ರೂಮಿಗೆ ಓಡಿದ?"

"ಯಾರಿಗೆ ಗೊತ್ರಿ! ನಮ್ಮ ಬಕ್ರಿ ಹೊಟ್ಟಿ ಕೆಟ್ಟು ಅಂಗಳಾ ಎಲ್ಲಾ ಹೊಲಸು ಮಾಡಿತ್ತು. ಅದನ್ನ ತೊಳ್ಯೂದೇ ಆತು ನನ್ನ ಹಣೇಬರಹ," ಎಂದು ರುಬೀನಾ ಮನೆಯ ಆಡನ್ನು ಶಪಿಸಿದಳು.

"ಯುನೂಸ, ನೀ ಹೇಳು. ಕುಡದಿಯೋ ಇಲ್ಲೋ?"

"ಕೊಟ್ಟಿದ್ದೆಲ್ಲಾ ಕುಡದೇನ್ರಿ, ಬಾಯಿ. ಒಂದ್ ಹನಿ ಬಿಟ್ಟಿಲ್ಲ."

"ಹ್ಞೂಂ. ಬಕ್ರಿಗೆ ನೀರು ಕುಡಸಾವ್ರು ಯಾರು?"

"ಹಜಿರಾ ಆಪಾ. ಯಾಕ್ರಿ?" ರುಬೀನಾಗೆ ಅಚ್ಚರಿ. ಹಾಸಿಗೆಯ ತುದಿಯಲ್ಲಿ ಕೂತು ಜಪಮಣಿ ತಿರುಗಿಸುತ್ತಿದ್ದ ಹಜಿರಾ ಬೀಯ ಬೆರಳು ಅಲ್ಲೇ ನಿಂತವು.

"ನದೀಮನ್ನ ಬಿಡ್ರಿ, ಪುಡಿ ಅಸಲಿನೇ," ಎಂದಳು ದ್ರೌಪತಿಬಾಯಿ. "ನಕಲಿ ಇದ್ದಿದ್ರ ಅದು ಬರೇ ನೀರು. ಎರಡು ಲೀಟರೂ ಯುನೂಸನ ಮೈಯಾಗ ನಿಂತು ವಜನು ಏರ್ತಿತ್ತು, ದಮ್ಮು ಹತ್ತತಿತ್ತು. ಏರಿಲ್ಲ. ಅಸಲಿ ಪುಡಿ ಪೂರ್ತಿ ಕುಡದಿದ್ರ ಹೊಟ್ಟಿ ತೊಳೀಬೇಕಿತ್ತು. ತೊಳದಿಲ್ಲ. ಅಂದ್ರ? ಆ ನೀರು ಇವನ ಹೊಟ್ಟಿಗೆ ಹೋಗೇ ಇಲ್ಲ! ಹಂಗಾರ ಆ ಮನಿಯಾಗ ಹೊಟ್ಟಿ ತೊಳಕೊಂಡಾವ್ರು ಯಾರು?"

"ಬಕ್ರಿ!" ನದೀಮ್ ಕೂಗಿದ.

"ಉಪ್ಪುಪ್ಪು ನೀರು ಕಂಡ್ರ ಬಕ್ರಿ ಬಿಡ್ತದೇನು? ಕೊಟ್ಟಿದ್ದೆಲ್ಲಾ ಕುಡದೇನಿ ಅಂತಾನ ಯುನೂಸ. ಜಗ್ಗ ಪೂರ್ತಿ ಕುಡದೇನಿ ಅಂದಿಲ್ಲ. ಇವಗ ಅಳದು ಕೊಟ್ಟಾಕಿ, ಉಳಿದದ್ದು ಬಕ್ರಿಗೆ ಸುರದಾಕಿ — ಇಬ್ಬರೂ ಒಬ್ಬರೇ. ಹೌದಿಲ್ರಿ ಹಜಿರಾ ಬೀ?"

ಹಜಿರಾ ಬೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಹೌದ್ರಿ, ನಾನೇ! ಕಿಡ್ನಿ ಕೆಟ್ಟಾವ್ರಿಗೆ ಇಷ್ಟೇ ಸಾಕು ಅಂತ ಸುಳ್ಳು ಹೇಳಿ, ಚಹಾದ ಗ್ಲಾಸಿನ್ಯಾಗ ಸ್ವಲ್ಪ ಕೊಟ್ಟೆ. ಕೊಹಿನೂರ ಹಳ್ಳಿಯ ಒಂದು ಮದವ್ಯಾಗ ಶರಬತ್ ಹೆಚ್ಚಿಗಿ ಕುಡದು ಸಾಯಾಂವ ಆಗಿದ್ದ ಇಂವ. ಅವತ್ತಿನಿಂದ ಗುಟುಕು ಗುಟುಕು ಎಣಿಸಿ ಉಳಸ್ಕೊಂಡೇನಿ. ಜಗ್ಗಗಟ್ಟಲೆ ನೀರು ನನ್ನ ಕೈಯಾರೆ ಹ್ಯಾಂಗ ಕುಡಸ್ಲಿ? ಹೇಳಾಕ ಹೆದರಿದೆ. ಮಾಫ್ ಮಾಡು ನದೀಮ್ ಬೇಟಾ."

ಯಾರಿಗೂ ಸಿಟ್ಟು ಬರಲಿಲ್ಲ. ಇಂಥ ಅಪರಾಧಿಗೆ ಕೋಳ ಹಾಕುವ ಕಲಮು ದ್ರೌಪತಿಬಾಯಿಗೂ ಗೊತ್ತಿರಲಿಲ್ಲ.

ಸುದ್ದಿ ಕೇಳಿ ಬಂದ ಡಾಕ್ಟರ್ ವರ್ಷಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹಜಿರಾ ಬೀಯ ಪಕ್ಕದಲ್ಲೇ ಕೂತರು. "ಈ ಪುಡಿ ಕಲಸಿದ ನೀರು ಮೈಗೆ ಹತ್ತೂದಿಲ್ಲಮ್ಮಾ, ಕರುಳು ತೊಳದು ಹೊರಗ ಹೋಗ್ತದ. ಅದಕ್ಕೇ ಇದನ್ನ ಬರದೇನಿ. ಬ್ಯಾರೆ ಕೆಲವು ಪುಡಿ, ಎಳನೀರು — ಅವು ಇವರಿಗೆ ಅಪಾಯ. ಪರೀಕ್ಷೆನೂ ಡಯಾಲಿಸಿಸ್ ಆದ ಮರುದಿನಾನೇ ಇಡ್ತೇವಿ. ಹಿಂದಿನ ದಿನದ ಡಯಾಲಿಸಿಸ್‌ನ್ಯಾಗ ರಕ್ತ ತಿಳಿ ಮಾಡೋ ಔಷಧಿನೂ ಹಾಕೂದಿಲ್ಲ, ಪರೀಕ್ಷೆದಾಗ ರಕ್ತ ಹೋಗಬಾರದಂತ. ಇನ್ನ ಹೆದರಬ್ಯಾಡ್ರಿ."

ಮುಂದಿನ ಸೋಮವಾರ ಸಂಜೆ ಹಜಿರಾ ಬೀ ತಾನೇ ಜಗ್ಗು ಹಿಡಿದು ಕೂತಳು. ಗ್ಲಾಸಿಗೊಂದು ಬಿಸ್ಮಿಲ್ಲಾ ಹೇಳಿ ಕುಡಿಸಿದಳು. ಬಕ್ರಿಯನ್ನು ನದೀಮ್ ಮುನ್ನೆಚ್ಚರಿಕೆಯಾಗಿ ತನ್ನ ಮನೆಗೆ ಒಯ್ದು ಕಟ್ಟಿದ್ದ. ಮಂಗಳವಾರ ಕರುಳು ಲಕಲಕ! ಒಳಗಿದ್ದ ಸಣ್ಣ ಗಂಟನ್ನು ಡಾಕ್ಟರು ಅಲ್ಲೇ ತೆಗೆದರು. ಅದು ಕ್ಯಾನ್ಸರ್ ಅಲ್ಲ, ಕಸಿಗೆ ಅಡ್ಡಿಯಿಲ್ಲ ಎಂಬ ವರದಿ ಬಂದ ದಿನ ಇಡೀ ವಾರ್ಡೇ ಖುಷಿಪಟ್ಟಿತು.

ಹಜಿರಾ ಬೀ ಚೀಲದಿಂದ ದೊಡ್ಡದೊಂದು ಸ್ಟೀಲ್ ಲೋಟ ತೆಗೆದು ತಮ್ಮನ ಕೈಗಿಟ್ಟಳು. ಲೋಟ ಹೊಚ್ಚಹೊಸದು.

"ಇಟ್ಟುಕೋ. ನನ್ನ ಕಿಡ್ನಿ ನಿನ್ನ ಮೈಯಾಗ ಕೆಲಸ ಶುರು ಮಾಡಿ, ಡಾಕ್ಟರು ಹ್ಞೂಂ ಅಂದ ದಿನ ಇದನ್ನ ತುಂಬಿಸಿ ಕೊಡ್ತೇನಿ. ಬಕ್ರಿಗೆ ಒಂದ್ ಹನಿನೂ ಇಲ್ಲ."