ಎರಡನೇ ಗೇರಿನಲ್ಲಿ ಕೇಳಿದ ಪ್ರಶ್ನೆ

ತಪ್ಪು ಬಾಲರಾಜನದೇ. ಕಾರು ಕಲಿಸೋ ಮೇಷ್ಟ್ರು ಅವನು. ಕಲಿಯೋ ಹುಡುಗಿ ಹೆಬ್ಬಾಳ ಫ್ಲೈಓವರ್ ಹತ್ತುತ್ತಾ ಎರಡನೇ ಗೇರಿಗೆ ಒದ್ದಾಡುವಾಗ, "ಲುಬ್ನಾ, ನಾನಂದ್ರೆ ನಿಮಗೆ ಇಷ್ಟಾನಾ?" ಅಂತ ಯಾರಾದರೂ ಕೇಳ್ತಾರೇನ್ರೀ?

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹಾಂ... ನಾನು... ಅದು..." ಅಂತ ತಡವರಿಸಿದಳು. ಕಾರೂ ಆಫ್ ಆಯಿತು. ಹಿಂದಿನಿಂದ ಹಾರನ್ ಶುರುವಾಯಿತು.

ಕಾರಿಂದ ಇಳಿದರೆ ಅವನ ಮೀಸೆಯನ್ನೂ ಬಿಡದೆ ಕನ್ನಡದಲ್ಲಿ ಆಡಿಕೊಳ್ಳುವವಳು ಇವಳೇ. ಈಗ ಬೇಕಂತಲೇ ಜಾರಿಕೊಳ್ತಿದ್ದಾಳೆ ಅಂದುಕೊಂಡ. "ಕ್ಲಚ್ಚೂ ಬರಲ್ಲ, ಮಾತೂ ಬರಲ್ಲ. ಮನೇಲಿರಿ, ಸಾಕು," ಅಂದುಬಿಟ್ಟ. ಅವಳ ಕಣ್ಣು ತುಂಬಿತು. ಮರುದಿನ ಕ್ಲಾಸಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಬಾಲರಾಜನಿಗೆ ಊಟ ಸೇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅವನಮ್ಮ ಸುಮ್ಮನೆ ಹೇಳುತ್ತಿರಲಿಲ್ಲ.

ಭಾನುವಾರ ಆರ್.ಟಿ. ನಗರದ ಅವಳ ಟೈಲರಿಂಗ್ ಅಂಗಡಿ ಮುಂದೆ ಹೋಗಿ ನಿಂತ. ಒಳಗೆ ಲುಬ್ನಾ ಬ್ಲೌಸ್ ಹೊಲಿಯುತ್ತಿದ್ದಳು. ಕಾಲು ಪೆಡಲ್ ಮೇಲೆ, ಕೈ ಬಟ್ಟೆ ಮೇಲೆ, ಗಿರಾಕಿ ಜೊತೆ ಪಟಪಟ ಕನ್ನಡ. "ತೋಳು ಗಿಡ್ಡ ಮಾಡಿದ್ರೆ ನಿಮ್ಮತ್ತೆ ಬೈತಾರೆ ಕಣ್ರೀ. ಆಮೇಲೆ ನನ್ನ ಹೆಸರು ಹೇಳ್ಬೇಡಿ." ಹೊಲಿಗೆ ಎಲ್ಲೂ ಸೊಟ್ಟಗಾಗಲಿಲ್ಲ.

ಬಾಲರಾಜ ನಿಂತಲ್ಲೇ ಕುಗ್ಗಿಹೋದ. ಹೊಲಿಗೆ ಇವಳ ಕೈಗೆ ಬಂದುಬಿಟ್ಟಿದೆ, ಅದಕ್ಕೇ ನಾಲಿಗೆಗೆ ಬಿಡುವು. ಕಾರಲ್ಲಿ ಕೈಕಾಲಿನ ಕೆಲಸವೇ ಹೊಸದು. ಮನೇಲಿ ಉರ್ದು ಮಾತಾಡೋಳಿಗೆ ಆ ಗಡಿಬಿಡೀಲಿ ಕನ್ನಡ ಎಲ್ಲಿಂದ ಬರಬೇಕು? ಥೂ, ಅಂಥವಳನ್ನು ಅಳಿಸಿದೆನಲ್ಲ.

ಗಿರಾಕಿ ಹೋದ ಮೇಲೆ ಒಳಗೆ ಹೋದ. "ತಪ್ಪಾಯ್ತು ರೀ. ಆ ಮಾತು ಆಡಬಾರದಿತ್ತು."

ಲುಬ್ನಾ ಸೂಜಿ, ದಾರ ಅವನ ಕೈಗಿಟ್ಟಳು. "ಪೋಣಿಸಿ. ಪೋಣಿಸ್ತಾನೇ ಅವತ್ತು ಕೇಳಿದ್ದನ್ನ ಉರ್ದೂಲಿ ಕೇಳಿ. ನಂಗೂ ಉರ್ದು ಬರುತ್ತೆ ಅಂತ ಜಂಬ ಕೊಚ್ತಿದ್ರಲ್ಲ."

"ಮೈ... ತುಮ್... ತುಮ್ಕು..." ದಾರ ಪಕ್ಕಕ್ಕೆ ಹೋಯಿತು. ಎಂಜಲು ಹಚ್ಚಿ ಮತ್ತೆ ನೋಡಿದ. ದಾರವೂ ತೂರಲಿಲ್ಲ, ಮಾತೂ ಹೊರಡಲಿಲ್ಲ. ಹಣೆ ಬೆವರಿತು.

"ಮಾತು ಬರಲ್ವಾ? ಮನೇಲಿರಿ, ಸಾಕು," ಅಂದಳು. ತುಟಿಯಂಚಲ್ಲಿ ಸಣ್ಣ ನಗು, ಕಣ್ಣಲ್ಲಿ ಮಾತ್ರ ಅವತ್ತಿನ ನೋವು ಹಾಗೇ ಇತ್ತು. ಅವನು ತಲೆ ತಗ್ಗಿಸಿದ.

ಅವಳು ಸೂಜಿ ಕಿತ್ತುಕೊಂಡು, ಮಾತಾಡುತ್ತಲೇ ಒಂದೇ ಸಲಕ್ಕೆ ದಾರ ಪೋಣಿಸಿದಳು.

"ನೀವಂದ್ರೆ ನಂಗಿಷ್ಟ. ಅವತ್ತೂ ಇಷ್ಟಾನೇ ಇತ್ತು. ನಾಳೆ ಕ್ಲಾಸಿಗೆ ಬರ್ತೀನಿ. ಫ್ಲೈಓವರ್ ಮೇಲೆ ಮಾತ್ರ ಏನೂ ಕೇಳ್ಬೇಡಿ."