ಸೋಮವಾರದ ಆಟೋ

“ಅಣ್ಣಾ, ಸ್ವಲ್ಪ ಪಕ್ಕಕ್ಕೆ ಹೋಗಿ. ಫೋಟೋದಲ್ಲಿ ಬೀಳ್ತಾ ಇದ್ದೀರ!”

ಕದಿರೇಶ್ ಗಡಿಬಿಡಿಯಿಂದ ಬಾಗಿಲ ಹತ್ತಿರ ಸರಿದ. ಕೋಲಾರದ ಕೋರ್ಟಿನ ವಕೀಲರ ಹಾಲ್ ತುಂಬ ಕರಿ ಕೋಟುಗಳೇ. ನಡುವೆ ನಿಂತಿದ್ದ ಮೌನಿಕಾಳ ಅಮ್ಮ, ವಕೀಲೆ ಅನಿತಾಗೆ, ಮೈಸೂರು ಪೇಟ ತೊಡಿಸಿದ್ದರು. ಪಕ್ಕದಲ್ಲಿ ಜೂನಿಯರ್ ಶ್ವೇತಕ್ಕ. ಅವಳು ಜಡ್ಜ್ ಪರೀಕ್ಷೆ ಪಾಸಾಗಿದ್ದಳು. ಎರಡು ಸಂತೋಷಕ್ಕೂ ಸೇರಿಸಿ ಒಂದೇ ಸಮಾರಂಭ, ಒಂದೇ ಮೈಸೂರುಪಾಕು.

“ಕದಿರೇಶ್ ಕೇಸನ್ನ ನಮ್ಮ ಅನಿತಾ ಗೆದ್ದ ರೀತಿ ಇದೆಯಲ್ಲ, ಜೂನಿಯರ್‌ಗಳು ನೋಡಿ ಕಲೀಬೇಕು!” ಎಂದರು ಹಿರಿಯ ವಕೀಲ ಶಿವಶಂಕರ್. ಚಪ್ಪಾಳೆಯೋ ಚಪ್ಪಾಳೆ.

ಐದನೇ ಕ್ಲಾಸಿನ ಮೌನಿಕಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳ ಕಣ್ಣು ಕದಿರೇಶನ ಮೇಲೇ ಇತ್ತು.

ಅವನು ಅವಳ ಸ್ಕೂಲ್ ಆಟೋ ಓಡಿಸುತ್ತಿದ್ದವನು. ಹೋದ ವರ್ಷ, ಮಗುವನ್ನು ಬಿಡಲು ಹೋದ ಮನೆಯಿಂದ ಚಿನ್ನದ ಸರ ಕದ್ದ ಎಂದು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಈಗ ಸಾಕ್ಷಿ ಇಲ್ಲವೆಂದು ಕೋರ್ಟು ಬಿಟ್ಟಿದೆ. ಸೋಮವಾರದಿಂದ ಮತ್ತೆ ಅವನದೇ ಆಟೋ.

“ನಿಮ್ಮಮ್ಮ ಮಾತಾಡಿ ಮಾತಾಡಿ ಕಳ್ಳನ್ನ ಬಿಡಿಸಿಬಿಟ್ರು ಕಣೇ. ನಾನಂತೂ ಆ ಆಟೋ ಹತ್ತಲ್ಲಪ್ಪ!” ಎಂದಿದ್ದಳು ಎದುರು ಮನೆಯ ಗೆಳತಿ ಪದ್ಮಶ್ರೀ. ಮೌನಿಕಾಗೆ ಮೈಯೆಲ್ಲ ಉರಿದಿತ್ತು. ಆದರೆ ಜಗಳಕ್ಕೆ ಬಾಯಿ ಬರಲಿಲ್ಲ. ಯಾಕೆಂದರೆ ಅನುಮಾನ ಅವಳಿಗೂ ಇತ್ತಲ್ಲ!

ನೋಡು, ಬಾಗಿಲ ಹತ್ತಿರ ನಿಂತ ಕದಿರೇಶ್ ಯಾರ ಮುಖವನ್ನೂ ನೋಡುತ್ತಿಲ್ಲ. ಮೈಸೂರುಪಾಕಿನ ತಟ್ಟೆ ಬಂದರೆ ಕೈ ಮುಗಿದು ಬೇಡ ಎಂದ. ಯಾಕೆ ಬೇಡ? ಈಗ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅನುಮಾನ ಒಮ್ಮೆ ತಲೆಗೆ ಹೊಕ್ಕರೆ ಹೀಗೇ, ಎದುರಿನವನು ನಿಂತರೂ ತಪ್ಪು, ಕೂತರೂ ತಪ್ಪು.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಕೇಳಿಯೇಬಿಟ್ಟಳು.

“ಅಮ್ಮಾ, ನಿಜ ಹೇಳು. ಕದಿರೇಶಣ್ಣ ಕದ್ದಿಲ್ವಾ?”

“‘ಕದಿರೇಶನ್ನ ನೋಡ್ದೆ’ ಅಂದಿದ್ದ ಆ ಸರದ ಮನೆ ಪಕ್ಕದೋರು ಬರೀ ಆಟೋ ನೋಡಿದ್ದು ಕಣೇ. ಮುಖ ನೋಡಿಲ್ಲ ಅಂತ ಕೋರ್ಟಲ್ಲೇ ಒಪ್ಕೊಂಡ್ರು. ಕೋಲಾರದಲ್ಲಿ ಆಟೋಗೇನು ಬರವಾ?”

“ಅದು ಕೋರ್ಟಿಗೆ. ನಂಗೆ ಹೇಳು.”

ಅಮ್ಮ ಸ್ಕೂಟರ್ ನಿಧಾನ ಮಾಡಿದಳು. “ನಾನು ಅಲ್ಲಿರ್ಲಿಲ್ಲ. ಅವರು ಕದ್ದಿದ್ದನ್ನ ನೋಡ್ದೋರು ಯಾರೂ ಇಲ್ಲ. ನಂಗೆ ಗೊತ್ತಿರೋದು ಇಷ್ಟೇ. ಆಟೋ ಹತ್ತೋದು ಬಿಡೋದು ನಿಂಗೆ ಬಿಟ್ಟಿದ್ದು. ಬೇಡ ಅಂದ್ರೆ ನಾನೇ ಸ್ಕೂಲಿಗೆ ಬಿಡ್ತೀನಿ.”

ಇದೆಂಥ ಉತ್ತರ! ಅಷ್ಟೊಂದು ಕೇಸು ಗೆದ್ದ ಅಮ್ಮ, ಮಗಳ ಸಮಾಧಾನಕ್ಕೆ ಒಂದು ‘ಇಲ್ಲ’ ಅನ್ನಬಾರದಿತ್ತೇ? ಭಾನುವಾರವೆಲ್ಲ ಮೌನಿಕಾ ಮುಖ ಊದಿಸಿಕೊಂಡೇ ಇದ್ದಳು.

ಸೋಮವಾರ ಎಂಟು ಗಂಟೆಗೆ ಆಟೋ ಬಂತು. ಒಳಗೆ ಒಂದು ಮಗುವೂ ಇಲ್ಲ. ಎದುರು ಮನೆಯ ಗೇಟಿನಲ್ಲಿ ಪದ್ಮಶ್ರೀ ತನ್ನ ಅಮ್ಮನ ಕೈ ಹಿಡಿದು ನೋಡುತ್ತಿದ್ದಳು.

ಮೊದಲೆಲ್ಲ ಕದಿರೇಶ್ ಹಾರಿ ಇಳಿದು, “ಬಾ ಪಾಪ, ಲೇಟಾಯ್ತು!” ಎನ್ನುತ್ತ ಬ್ಯಾಗ್ ಕಿತ್ತುಕೊಂಡು ಆಟೋ ಪಕ್ಕದ ಕೊಕ್ಕೆಗೆ ನೇತುಹಾಕುತ್ತಿದ್ದ. ಇವತ್ತು ಇಳಿದವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ಬ್ಯಾಗ್ ನೀನೇ ಹಾಕ್ಕೊಂಬಿಡು ಪಾಪ. ನಾನು ಇನ್ಮೇಲೆ ಯಾರ ಬ್ಯಾಗೂ ಮುಟ್ಟಲ್ಲ,” ಎಂದ. ಮಾತು ನೆಲಕ್ಕೆ ಹೇಳಿದಂತಿತ್ತು.

ಅವನು ಕದ್ದಿದ್ದನೋ ಇಲ್ಲವೋ ಮೌನಿಕಾಗೆ ಈಗಲೂ ಗೊತ್ತಿರಲಿಲ್ಲ. ಆದರೆ ಮಕ್ಕಳ ಬ್ಯಾಗಿಗೂ ಹೆದರಿ ನಿಂತ ಆ ಕೈಗಳನ್ನು ನೋಡಲು ಅವಳಿಂದ ಆಗಲಿಲ್ಲ.

ಅವಳು ಬೆನ್ನಿನಿಂದ ಬ್ಯಾಗ್ ಇಳಿಸಿ ಮುಂದೆ ಚಾಚಿದಳು.

“ಭಾರ ಇದೆ ಅಣ್ಣಾ, ನೀವೇ ಹಾಕಿ.”

ಕದಿರೇಶ್ ಅಲುಗಾಡಲಿಲ್ಲ. ಮೌನಿಕಾಳ ತೋಳು ನೋಯತೊಡಗಿತು. ಅವನ ಕೈ ಮುಂದೆ ಬರುವವರೆಗೂ ಅವಳು ಬ್ಯಾಗ್ ಕೆಳಗಿಳಿಸಲಿಲ್ಲ.